ಟ್ರಫಲ್ ಇಲ್ಲದ ಎಣ್ಣೆ, ಅಡುಗೆಮನೆ ಇಲ್ಲದ ನಂಬರ್ ಒನ್ ಹೋಟೆಲು

2017ರ ನವೆಂಬರಿನಲ್ಲಿ ಲಂಡನ್ನಿನ ಅತ್ಯುತ್ತಮ ಹೋಟೆಲು ಯಾವುದೆಂದು ಗ್ರಾಹಕರ ವಿಮರ್ಶೆಗಳ ಜಾಲತಾಣವಾದ ಟ್ರಿಪ್‌ಅಡ್ವೈಸರನ್ನು ಕೇಳಿದ್ದರೆ ಸಿಗುತ್ತಿದ್ದ ಉತ್ತರ 'ದಿ ಶೆಡ್ ಅಟ್ ಡಲ್ವಿಚ್'. ಫೋನ್ ಮಾಡಿದವರಿಗೆಲ್ಲ ಒಂದೇ ಮಾತು: ಜಾಗ ಇಲ್ಲ. ಅದರಲ್ಲಿ ಸುಳ್ಳೇನೂ ಇರಲಿಲ್ಲ, ಕೂರಿಸಲು ನಿಜಕ್ಕೂ ಜಾಗವೇ ಇರಲಿಲ್ಲ. ಇದ್ದದ್ದು ಒಬ್ಬ ಪತ್ರಕರ್ತ ವಾಸವಾಗಿದ್ದ ಹಿತ್ತಲ ಶೆಡ್ಡು. ಫೋಟೊದಲ್ಲಿ ಮಿಂಚುತ್ತಿದ್ದ ನೊರೆ ಶೇವಿಂಗ್ ಕ್ರೀಮು. ಮೊಟ್ಟೆಯ ಪಕ್ಕ ನುಣ್ಣಗೆ ಹೊಳೆಯುತ್ತಿದ್ದ ಮಾಂಸದ ತುಂಡು ಆತನದೇ ಹಿಮ್ಮಡಿ. ಮೆನುವಿನಲ್ಲಿ ಖಾದ್ಯಗಳ ಹೆಸರಿನ ಬದಲು 'ಪ್ರೇಮ', 'ಕಾಮ', 'ಚಿಂತನೆ' ಎಂಬಂಥ ಮನಃಸ್ಥಿತಿಗಳಿದ್ದವು. ವಿಮರ್ಶೆ ಬರೆದವರು ಗೆಳೆಯರ ಬಳಗ. ಅನ್ನ ಹೋಗಲಿ, ಒಂದು ಲೋಟ ನೀರನ್ನೂ ಯಾರಿಗೂ ಕೊಡದೆ ಆರೇ ತಿಂಗಳಲ್ಲಿ ಸಾವಿರಾರು ಹೋಟೆಲುಗಳನ್ನು ಹಿಂದಿಕ್ಕಿತ್ತು.

ಇದನ್ನು ಓದಿ ನಗುವ ಮನೆಯಡುಗೆಯವರು ದಯವಿಟ್ಟು ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆಗೆಯಬೇಕು. ಎರಡನೇ ಸಾಲಿನಲ್ಲಿ, ಸೋಯಾ ಸಾಸಿನ ಹಿಂದೆ, ಅಂಟಂಟಾದ ಒಂದು ಪುಟ್ಟ ಸೀಸೆ ಇರುತ್ತದೆ. ಟ್ರಫಲ್ ಎಣ್ಣೆ. ಟ್ರಫಲ್ ಎಂದರೆ ನೆಲದೊಳಗೆ, ಮರದ ಬೇರಿಗೆ ಅಂಟಿಕೊಂಡು ಬೆಳೆಯುವ ಅಣಬೆ. ನಾಯಿಯ ಮೂಗಿಲ್ಲದೆ ಸಿಗುವುದು ಕಷ್ಟ. ಎಣ್ಣೆಯ ಕಥೆ ಬೇರೆ. ಅಂಗಡಿಯಲ್ಲಿ ಸಿಗುವ ಬಹುಪಾಲು ಸೀಸೆಗಳ ಘಮಕ್ಕೆ ಕಾರಣ 2,4-ಡೈಥಯಾಪೆಂಟೇನ್ ಎಂಬ ರಾಸಾಯನಿಕ. ಬಿಳಿ ಟ್ರಫಲಿನಲ್ಲಿ ಇದು ಸಹಜವಾಗಿಯೇ ಇದೆ, ಆದರೆ ಅಲ್ಲಿ ಅದರ ಜೊತೆಗೆ ಹತ್ತಾರು ಬೇರೆ ಗಂಧಗಳೂ ಇವೆ. ಸೀಸೆಯಲ್ಲಿ ಅದೊಂದೇ, ಅದೂ ಪ್ರಯೋಗಾಲಯದಿಂದ ಬಂದದ್ದು. ಮದುವೆ ಮನೆಗೆ ಡೋಲಿನವನೊಬ್ಬನೇ ಬಂದ ಹಾಗೆ. ತಳದಲ್ಲಿ ಕೂತ ಕಪ್ಪು ಚೂರುಗಳು ಗ್ರಾಹಕರ ಸಮಾಧಾನಕ್ಕೆ.

ಹೋಟೆಲಿನಲ್ಲಿ ವಿಚಾರಿಸಿದರೆ ಸಂಭಾಷಣೆ ಹೀಗೆ ಸಾಗುತ್ತದೆ.

"ಇದರಲ್ಲಿ ಟ್ರಫಲ್ ಇದೆಯೇನಪ್ಪಾ?"

"ಇದೆ ಸಾರ್, ಎಣ್ಣೆ ರೂಪದಲ್ಲಿ."

"ಎಣ್ಣೆಯಲ್ಲಿ ಟ್ರಫಲ್ ಇದೆಯಾ?"

"ಪರಿಮಳದ ರೂಪದಲ್ಲಿ ಇದೆ ಸಾರ್."

"ಪರಿಮಳ ಎಲ್ಲಿಂದ ಬಂತು?"

"ಸಪ್ಲೈಯರ್ ಕಡೆಯಿಂದ ಸಾರ್."

ನಿಜವಾದ ಟ್ರಫಲ್ ಕೈಗೆ ಬಂದವರು ಮಾಡುವ ಮೊದಲ ತಪ್ಪು ಅದನ್ನು ಹುರಿಯುವುದು. ಬಿಳಿಯದರ ಘಮ ಬಿಸಿಗೆ ನಿಲ್ಲುವುದಿಲ್ಲ, ಹಸಿಯಾಗಿಯೇ ಬಿಸಿ ಅಡುಗೆಯ ಮೇಲೆ ತೆಳ್ಳಗೆ ಹೆರೆಯಬೇಕು. ಆ ಘಮವನ್ನು ಹಿಡಿದಿಡುವುದು ಕೊಬ್ಬು. ಹಾಗಾಗಿ ಗಾಳಿಯಾಡದ ಜಾಡಿಯಲ್ಲಿ ಹಸಿ ಮೊಟ್ಟೆಗಳ ಜೊತೆ ಒಂದೆರಡು ದಿನ ಇಟ್ಟರೆ ಚಿಪ್ಪಿನ ರಂಧ್ರಗಳಿಂದ ವಾಸನೆ ಹಳದಿಗಿಳಿಯುತ್ತದೆ. ಆಮೇಲೆ ಟ್ರಫಲನ್ನು ಅತಿಥಿಗಳಿಗೆ ಬಡಿಸಿ ಮೊಟ್ಟೆಯನ್ನು ತಾವು ತಿನ್ನುವುದು ಜಾಣತನ.

ಜಪಾನಿನ ಹಸಿರು ಖಾರದ ಮುದ್ದೆ ವಸಾಬಿಯದೂ ಇದೇ ಜಾತಕ. ಟ್ಯೂಬನ್ನು ತಿರುಗಿಸಿ ಓದಿ: ಹಾರ್ಸ್‌ರ್‍ಯಾಡಿಷ್ ಎಂಬ ಖಾರದ ಬೇರು, ಸಾಸಿವೆ, ಹಸಿರು ಬಣ್ಣ. ಅಸಲಿ ಗೆಡ್ಡೆಯನ್ನು ನುಣುಪು ತುರಿಮಣೆಯ ಮೇಲೆ ಸುತ್ತು ಸುತ್ತಾಗಿ ತೇಯಬೇಕು. ಜೀವಕೋಶ ಒಡೆದಾಗ ಮಾತ್ರ ಒಂದು ಕಿಣ್ವ ಕೆಲಸಕ್ಕಿಳಿದು ಆ ಮೂಗಿಗೇರುವ ಖಾರವನ್ನು ಹುಟ್ಟಿಸುತ್ತದೆ. ಐದು ನಿಮಿಷ ಬಿಟ್ಟರೆ ಘಾಟು ತುದಿಗೇರುತ್ತದೆ, ಇಪ್ಪತ್ತು ನಿಮಿಷದಲ್ಲಿ ಹೆಚ್ಚುಕಡಿಮೆ ಹಾರಿಹೋಗುತ್ತದೆ. ಇಪ್ಪತ್ತು ನಿಮಿಷವೂ ಬಾಳದ ಈ ಖಾರವನ್ನು ಎರಡು ವರ್ಷ ಬಾಳುವ ಟ್ಯೂಬಿನಲ್ಲಿ ತುಂಬಿಟ್ಟವರನ್ನು ಮೆಚ್ಚಲೇಬೇಕು. ಅವರು ತುಂಬಿದ್ದು ಹೆಸರನ್ನು.

ಇನ್ನು ಕೇಸರಿ. ಒಂದು ಹೂವಿನಲ್ಲಿ ಮೂರೇ ಎಳೆ. ಒಂದು ಗ್ರಾಮಿಗೆ ಸುಮಾರು 150 ಹೂವು ಬೇಕು, ಅಷ್ಟನ್ನೂ ಕೈಯಲ್ಲೇ ಬಿಡಿಸಬೇಕು. ಆದ್ದರಿಂದ ದೊಡ್ಡ ಪೊಟ್ಟಣ, ಸಣ್ಣ ಬೆಲೆ ಕಂಡರೆ ಅದು ಅದೃಷ್ಟ ಅಲ್ಲ, ಕುಸುಬೆ ಹೂವು. ಪರೀಕ್ಷೆಗೆ ಬಿಳಿ ಬಟ್ಟಲು ಮತ್ತು ತಾಳ್ಮೆ ಸಾಕು. ಉಗುರುಬೆಚ್ಚನೆಯ ನೀರಿಗೆ ನಾಲ್ಕು ಎಳೆ ಹಾಕಿ. ಅಸಲಿಯಾದರೆ ಕೆಲವು ನಿಮಿಷ ಏನೂ ಆಗದಂತೆ ಕಾಣುತ್ತದೆ. ಮೆಲ್ಲಗೆ ಹೊನ್ನಿನ ಹಳದಿ ಇಳಿಯುತ್ತದೆ, ಎಳೆ ಮಾತ್ರ ಕೆಂಪಾಗಿಯೇ ಉಳಿಯುತ್ತದೆ. ಹಾಕಿದ ಕೂಡಲೇ ಕೆಂಪು ಕಾರಿಕೊಂಡು ಎಳೆ ಬೆಳ್ಳಗಾದರೆ ನೀವು ಕೊಂಡದ್ದು ಬಣ್ಣ ಬಳಿದ ನಾರು. ನಾಲ್ಕು ಜನರ ಅಡುಗೆಗೆ ಹದಿನೈದಿಪ್ಪತ್ತು ಎಳೆ ಸಾಕು. ಚಿಟಿಕೆ ಸಕ್ಕರೆಯೊಂದಿಗೆ ಕುಟ್ಟಾಣಿಯಲ್ಲಿ ಅರೆದು, ಎರಡು ಚಮಚ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಆ ನೀರನ್ನೇ ಸುರಿಯಬೇಕು. ಸಕ್ಕರೆ ಸಿಹಿಗಲ್ಲ, ಹರಳುಗಳು ಎಳೆಯನ್ನು ನುಣ್ಣಗೆ ತರಿಯಲಿ ಎಂದು. ವಿಡಿಯೊದವರು ಮಾಡುವಂತೆ ಒಣ ಎಳೆಗಳನ್ನು ಕೊನೆಯಲ್ಲಿ ಮೇಲಿನಿಂದ ಉದುರಿಸಿದರೆ ಕ್ಯಾಮೆರಾಗೆ ಚೆಂದ, ಬಾಯಿಗೆ ಹುಲ್ಲು. ದುಬಾರಿ ವಸ್ತು, ಧಾರಾಳವಾಗಿರಲಿ ಎಂದು ಮೂರು ಪಟ್ಟು ಹಾಕಿದರೆ ಕಹಿ ಬಂದು ಅಡುಗೆ ಔಷಧಿ ಅಂಗಡಿಯ ವಾಸನೆ ಹೊಡೆಯುತ್ತದೆ. ಆಗಲೂ ಅತಿಥಿಗಳು ಹೊಗಳುತ್ತಾರೆ, ಬೆಲೆ ಗೊತ್ತಿರುವುದರಿಂದ.

ಇಟಲಿಯ ಸಿಹಿಹುಳಿ ಬಾಲ್ಸಾಮಿಕ್ ವಿನೆಗರಿನಲ್ಲಿ ಮೋಸ ಕಾನೂನುಬದ್ಧ. ಹೆಸರಿನಲ್ಲಿ 'ತ್ರಾದಿಟ್ಸಿಯೊನಾಲೆ' ಎಂದಿದ್ದರೆ ಅದು ಕುದಿಸಿದ ದ್ರಾಕ್ಷಿರಸ ಮಾತ್ರ, ಮರದ ಪೀಪಾಯಿಗಳಲ್ಲಿ ಕನಿಷ್ಠ 12 ವರ್ಷ ಕಳೆದದ್ದು. 'ಎಕ್ಸ್‌ಟ್ರಾವೆಕ್ಕಿಯೊ' ಆದರೆ 25 ವರ್ಷ. ಸೀಸೆ 100 ಮಿಲಿಲೀಟರಿನದು. ಆ ಒಂದು ಪದ ಬಿಟ್ಟು ಬರೀ 'ಮೊಡೆನಾದ ಬಾಲ್ಸಾಮಿಕ್' ಎಂದರೆ ದ್ರಾಕ್ಷಿರಸಕ್ಕೆ ವೈನ್ ವಿನೆಗರ್ ಬೆರೆಸಿ 60 ದಿನ ಇಟ್ಟರೆ ಸಾಕು, ಬಣ್ಣಕ್ಕೆ ಒಂದಿಷ್ಟು ಕ್ಯಾರಮೆಲ್ಲಿಗೂ ಅನುಮತಿಯಿದೆ. ಹನ್ನೆರಡು ವರ್ಷವೆಲ್ಲಿ, ಎರಡು ತಿಂಗಳೆಲ್ಲಿ? ಎರಡರ ಲೇಬಲ್ಲಿನಲ್ಲೂ 'ಬಾಲ್ಸಾಮಿಕ್' ಎಂಬ ಪದ ಮಾತ್ರ ಒಂದೇ. ಅಗ್ಗದ್ದನ್ನೇ ಕೊಂಡು ಸಣ್ಣ ಉರಿಯಲ್ಲಿ ಅರ್ಧಕ್ಕಿಳಿಸಿದರೆ ಒಳ್ಳೆಯ ಪಾಕವಾಗುತ್ತದೆ. ಬಾಣಲೆಯ ಮೇಲೆ ಬಗ್ಗಿ ಮೂಸಲು ಹೋಗಬೇಡಿ. ಆ ಹಬೆ ಕಣ್ಣು ಮೂಗು ಎರಡನ್ನೂ ಒಟ್ಟಿಗೆ ವಿಚಾರಿಸಿಕೊಳ್ಳುತ್ತದೆ. ದುಬಾರಿಯದನ್ನು ಮಾತ್ರ ಒಲೆಯ ಹತ್ತಿರವೂ ಸುಳಿಯಗೊಡಬಾರದು.

ಇಷ್ಟೆಲ್ಲ ಬೇಟೆಗೆ ಹಚ್ಚುವವರು ರೆಸಿಪಿ ಬರೆಯುವವರು. ಒಂದು ಸಲಾಡಿಗೆ ಕಾಲು ಚಮಚ ಸುಮಾಕ್ ಎಂಬ ಹುಳಿಪುಡಿ ಬೇಕೆನ್ನುತ್ತಾರೆ. ಮೂರು ಅಂಗಡಿ ಅಲೆದು ನೂರು ಗ್ರಾಮಿನ ಪೊಟ್ಟಣ ತರುತ್ತೀರಿ, ಏಕೆಂದರೆ ಅದಕ್ಕಿಂತ ಚಿಕ್ಕದು ಸಿಗುವುದಿಲ್ಲ. ಕಾಲು ಚಮಚ ಖರ್ಚಾಗಿ ಉಳಿದದ್ದು ಡಬ್ಬಿಗಳ ಹಿಂದಿನ ಸಾಲಿಗೆ ನಿವೃತ್ತಿಯಾಗುತ್ತದೆ. ಸುಮಾಕಿನ ಕೆಲಸ ಅಲ್ಲಿ ಹುಳಿ ಕೊಡುವುದಷ್ಟೇ. ನಿಂಬೆ ಸಿಪ್ಪೆಯ ತುರಿಗೆ ಚಿಟಿಕೆ ಉಪ್ಪು ಬೆರೆಸಿದ್ದರೆ ನಡೆಯುತ್ತಿತ್ತು. ಅದನ್ನು ಅವರೂ ಬರೆದಿರುತ್ತಾರೆ, ಕೊನೆಯ ಸಾಲಿನಲ್ಲಿ, ನೀವು ಅಂಗಡಿಯಿಂದ ಬಂದ ಮೇಲೆ ಕಾಣುವಂತೆ. ವಿಚಿತ್ರವೆಂದರೆ ಉಪ್ಪಿನಂಥ ನಿತ್ಯದ ವಸ್ತುವಿನಲ್ಲಿ ಇದೇ ಮಂದಿಗೆ ಕಾಳಜಿಯೇ ಇಲ್ಲ. 'ಒಂದು ಚಮಚ ಉಪ್ಪು' ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಪುಡಿ ಉಪ್ಪು ಒಂದು ಚಹಾ ಚಮಚಕ್ಕೆ ಸುಮಾರು ಆರು ಗ್ರಾಮ್ ಬರುತ್ತದೆ. ಹಗುರವಾದ ಪದರು ಉಪ್ಪು ಅದರ ಅರ್ಧವೂ ಬರದಿರಬಹುದು. ಅವರು ಬರೆದದ್ದು ಎರಡನೆಯದು, ನೀವು ಹಾಕಿದ್ದು ಮೊದಲನೆಯದು. ಉಪ್ಪು ಬಿಟ್ಟು ಉಳಿದದ್ದೆಲ್ಲ ಅಳತೆ ಪ್ರಕಾರವೇ ಇತ್ತು ಎಂಬುದು ಉಣ್ಣುವವರಿಗೆ ಸಮಾಧಾನ ತರುವುದಿಲ್ಲ.

ಮನೆಯಲ್ಲಿ ಸೋತವರು ಹೋಟೆಲು ಹುಡುಕುತ್ತಾರೆ. ದಾರಿ ತೋರಿಸಲು ನಕ್ಷತ್ರಗಳಿವೆ. ನಕ್ಷತ್ರ ನೋಡಿ ಊಟಕ್ಕೆ ಹೊರಡುವ ಪದ್ಧತಿ ಜ್ಯೋತಿಷಿಗಳದ್ದಲ್ಲ, ಟಯರ್ ಕಂಪನಿಯದ್ದು. ಮಿಶೆಲಿನ್ 1900ರಲ್ಲಿ ಕೈಪಿಡಿ ಹಂಚಿದ್ದು ಫ್ರಾನ್ಸಿನ ಕಾರುಗಳು ಹೆಚ್ಚು ಓಡಾಡಲಿ, ಟಯರು ಸವೆಯಲಿ ಎಂದು. ನಕ್ಷತ್ರ ಬಂದದ್ದು 1926ರಲ್ಲಿ. ಮೂರು ನಕ್ಷತ್ರಕ್ಕೆ ಅವರು ಕೊಡುವ ವಿವರಣೆ ಇಂದಿಗೂ 'ಇದಕ್ಕೆಂದೇ ಪ್ರಯಾಣ ಮಾಡಬಹುದು' ಎಂಬುದೇ. ಟಯರು ಮಾರುವವರು ಇನ್ನೇನು ಹೇಳಿಯಾರು? ಆದರೂ ಅವರ ಪರೀಕ್ಷಕರು ಹೆಸರು ಹೇಳದೆ ಬಂದು, ಉಂಡು, ದುಡ್ಡು ಕೊಟ್ಟು ಹೋಗುತ್ತಾರೆ. ಫೋನಿನ ನಕ್ಷತ್ರ ಹಾಗಲ್ಲ. 'ಪಾರ್ಕಿಂಗ್ ಇಲ್ಲ' ಎಂದು ಒಬ್ಬ ಒಂದು ನಕ್ಷತ್ರ ಕೊಡುತ್ತಾನೆ, 'ಗೋಡೆ ತುಂಬಾ ಚೆನ್ನಾಗಿದೆ' ಎಂದು ಇನ್ನೊಬ್ಬಳು ಐದು ಕೊಡುತ್ತಾಳೆ, ಸರಾಸರಿಯನ್ನು ನಾವು ರುಚಿ ಎಂದು ಓದಿಕೊಳ್ಳುತ್ತೇವೆ.

ಓದಲೇಬೇಕಾದರೆ ಐದನ್ನೂ ಒಂದನ್ನೂ ಬಿಟ್ಟು ಮೂರು ನಕ್ಷತ್ರದವರನ್ನು ಓದಿ. ಅವರಿಗೆ ಸಿಟ್ಟೂ ಇಲ್ಲ, ಉಪಕಾರ ಸ್ಮರಣೆಯೂ ಇಲ್ಲ. ಯಾವ ಖಾದ್ಯ ಬೆಂದಿತ್ತು, ಯಾವುದು ಬೆಂದಿರಲಿಲ್ಲ ಎಂದು ಹೆಸರು ಹಿಡಿದು ಬರೆಯುತ್ತಾರೆ. ಮೆನು ಹನ್ನೆರಡು ಪುಟವಿದ್ದರೆ ಒಳಗಿರುವುದು ಮೂರು ಸಾಸು, ಒಂದು ಫ್ರೀಜರು. ಹದಿನೆಂಟು ನಿಮಿಷ ಬೇಯಬೇಕಾದ ರಿಸೊಟ್ಟೊ ಎಂಬ ಇಟಲಿಯ ಅನ್ನ ಐದು ನಿಮಿಷಕ್ಕೆ ಬಂದರೆ ಅದು ಬೆಳಿಗ್ಗೆಯೇ ಅರ್ಧ ಬೆಂದು ತಟ್ಟೆಯಲ್ಲಿ ಮಲಗಿತ್ತು ಎಂದರ್ಥ. ಬೇಗ ಬಂದದ್ದೆಲ್ಲ ಕೆಟ್ಟದ್ದಲ್ಲ, ಸ್ಟ್ಯೂ ಮರುದಿನವೇ ರುಚಿ. ಎಲ್ಲಕ್ಕಿಂತ ಮೊದಲು ಬಾಗಿಲಲ್ಲಿ ನಿಂತು ಒಂದು ಸಲ ಉಸಿರೆಳೆದುಕೊಳ್ಳಿ. ಕಾದು ಕಾದು ಕಪ್ಪಾದ ಕರಿದೆಣ್ಣೆಗೆ ಹಳೇ ಪೇಂಟಿನ ಕಮಟು ಇರುತ್ತದೆ. ಎಷ್ಟು ಸುಗಂಧದ ಕ್ಯಾಂಡಲ್ ಹಚ್ಚಿದರೂ ಅಡಗುವುದಿಲ್ಲ. ಅಲ್ಲಿಂದಲೇ ತಿರುಗಬಹುದು. ತಿರುಗುವವರು ಕಡಿಮೆ, ಟೇಬಲ್ ಬುಕ್ ಆಗಿರುತ್ತದಲ್ಲ.

ಡಲ್ವಿಚ್ಚಿನ ಶೆಡ್ಡು ಕೊನೆಗೊಂದು ರಾತ್ರಿ ಬಾಗಿಲು ತೆರೆಯಿತು. ಅತಿಥಿಗಳನ್ನು ಕಣ್ಣಿಗೆ ಬಟ್ಟೆ ಕಟ್ಟಿ ಕರೆತಂದರು. ಬಡಿಸಿದ್ದು ಸೂಪರ್‌ಮಾರ್ಕೆಟ್ಟಿನ ಅಗ್ಗದ ರೆಡಿ ಮೀಲ್, ಬಿಸಿ ಮಾಡಿ, ಮೇಲೆ ನಾಲ್ಕು ಎಳೇ ಸೊಪ್ಪು ಉದುರಿಸಿ. ಹೊರಡುವಾಗ ಕೆಲವರು ಕೇಳಿದ್ದು ಒಂದೇ: ಒಮ್ಮೆ ಬಂದು ಹೋದವರಿಗೆ ಮುಂದಿನ ಬುಕಿಂಗ್ ಸ್ವಲ್ಪ ಸುಲಭವಾಗುತ್ತದೆಯೇ?