ನಾಲ್ಕು ಲಕ್ಷದ ಮೇಪಲ್, ನಾಲ್ಕು ಟೆಂಪೋ ಡಿಜೆ

ಈ ಸಲವೂ ಪೇಪರಿನಲ್ಲಿ ಡೆಸಿಬಲ್ ಲೆಕ್ಕ ಬಂತು. ನೀವೂ ಓದಿರುತ್ತೀರಿ. ಗಣಪತಿ ವಿಸರ್ಜನೆಯ ದಿನ ಪುಣೆಯ ಲಕ್ಷ್ಮೀ ರಸ್ತೆಯ ಚೌಕಗಳಲ್ಲಿ ಹಿಂದೆ ಎಂಜಿನಿಯರಿಂಗ್ ಕಾಲೇಜಾಗಿದ್ದ, ಈಗ ವಿಶ್ವವಿದ್ಯಾಲಯವಾಗಿರುವ ಸಿಓಇಪಿಯ ಹುಡುಗ ಹುಡುಗಿಯರು ಶಬ್ದ ಅಳೆಯುವ ಮೀಟರ್ ಹಿಡಿದು ನಿಲ್ಲುತ್ತಾರೆ. ಈ ಪದ್ಧತಿ ಶುರುವಾಗಿ ಇಪ್ಪತ್ತು ವರ್ಷದ ಮೇಲಾಯ್ತು. ಸರಾಸರಿ ನೂರರ ಅಕ್ಕಪಕ್ಕ ಓಡಾಡುತ್ತಿರುತ್ತದೆ. ಸ್ವಲ್ಪ ಕಮ್ಮಿ ಬಂದ ವರ್ಷ ದೊಡ್ಡವರು ಬೆನ್ನು ತಟ್ಟಿಕೊಳ್ಳುತ್ತಾರೆ. ಸ್ವಲ್ಪ ಜಾಸ್ತಿ ಬಂದ ವರ್ಷ ಕಳವಳ ವ್ಯಕ್ತಪಡಿಸುತ್ತಾರೆ. ಮುಂದಿನ ವರ್ಷ ಮತ್ತೆ ಅಳೆಯುತ್ತಾರೆ. ಜ್ವರ ನೋಡಿ, ಚೀಟಿಯಲ್ಲಿ ಬರೆದಿಟ್ಟು, ಫೀಸು ತಗೊಂಡು ಹೋಗುವ ಡಾಕ್ಟರಂತೆ ಈ ಊರು. ಔಷಧಿ ಕೇಳಬೇಡಿ, ಅದು ಬೇರೆ ಡಿಪಾರ್ಟ್‌ಮೆಂಟು.

ಅದೇ ವಾರ ಕೋಥ್ರೂಡಿನಲ್ಲಿರುವ ನಮ್ಮ ಹುಬ್ಬಳ್ಳಿ ಗೆಳೆಯ ಮೇಪಲ್ ಮರದ ಗಿಟಾರ್ ತಂದ. ನಾಲ್ಕು ಲಕ್ಷ ಚಿಲ್ಲರೆ. ಹಿಂಜವಡಿಯಲ್ಲಿ ಸಾಫ್ಟ್‌ವೇರು, ಮನೆಯಲ್ಲಿ ಸಂಗೀತ, ಮಧ್ಯದಲ್ಲಿ ಎರಡು ತಾಸು ಟ್ರಾಫಿಕ್ಕು. ಇಂಥವರು ಪುಣೆಯ ಕನ್ನಡಿಗರಲ್ಲಿ ಈಗ ಬೇಕಾದಷ್ಟು ಜನ ಇದ್ದಾರೆ. ಹಿಂದಿನ ತಲೆಮಾರು ಇಲ್ಲಿಗೆ ಬಂದು ಪ್ಲಾಟು ಕೊಳ್ಳುತ್ತಿತ್ತು. ಈಗಿನವರಿಗೆ ಪ್ಲಾಟು ಕೈಗೆಟಕುವುದಿಲ್ಲ, ಗಿಟಾರ್ ಎಟಕುತ್ತದೆ.

ಗಿಟಾರ್ ಚೆನ್ನಾಗಿದೆ. ಅದರ ಬಗ್ಗೆ ಎರಡು ಮಾತಿಲ್ಲ. ಮುಂಭಾಗ ಸ್ಪ್ರೂಸ್ ಮರ, ತಿಳಿ ಬೆಣ್ಣೆ ಬಣ್ಣ, ಸಾಲು ಸಾಲು ನೇರ ಗೆರೆ. ನಿಜವಾದ ತಮಾಷೆ ಇರುವುದು ಹಿಂಭಾಗದಲ್ಲಿ. ಅಲ್ಲಿ ಮೇಪಲ್. ಅದರ ಮೇಲೆ ಅಡ್ಡಡ್ಡ ಪಟ್ಟೆ, ಹುಲಿಯ ಮೈ ಮೇಲಿದ್ದ ಹಾಗೆ. ಗಿಟಾರನ್ನು ಸ್ವಲ್ಪ ವಾಲಿಸಿದರೆ ಕಪ್ಪಗಿದ್ದ ಪಟ್ಟೆ ಬೆಳ್ಳಗಾಗುತ್ತದೆ, ಬೆಳ್ಳಗಿದ್ದದ್ದು ಕಪ್ಪಗಾಗುತ್ತದೆ. ಮರದ ನಾರು ನೆಟ್ಟಗೆ ಬೆಳೆಯದೆ ಅಲೆ ಅಲೆಯಾಗಿ ಬೆಳೆದಿರುತ್ತದೆ, ಬೆಳಕು ಬಿದ್ದಾಗ ಒಂದೊಂದು ಅಲೆ ಒಂದೊಂದು ಕಡೆಗೆ ಹೊಳೆಯುತ್ತದೆ. ಇದಕ್ಕೆ ಫ್ಲೇಮ್ ಅನ್ನುತ್ತಾರೆ. ಗಾದಿ ಹೊಲಿದಂತೆ ಉಬ್ಬು ಉಬ್ಬಾಗಿ ಕಂಡರೆ ಕ್ವಿಲ್ಟ್. ಚುಕ್ಕಿ ಚುಕ್ಕಿ ಇದ್ದರೆ ಬರ್ಡ್ಸ್ ಐ. ಪಿಟೀಲು ಮಾಡುವವರು ನೂರಾರು ವರ್ಷದಿಂದ ಇದೇ ಮರವನ್ನು ಹಿಂಭಾಗಕ್ಕೆ ಹಾಕುತ್ತಿದ್ದಾರೆ. ಇಟಲಿಯ ಸ್ಟ್ರಾಡಿವೇರಿಯೂ ಹಾಕಿದ್ದು ಅದನ್ನೇ.

ಈಗ ನೋಡಿ ಮಜಾ. ಇಡೀ ಗಿಟಾರಿನಲ್ಲಿ ಕಣ್ಣು ಕುಕ್ಕುವ ಭಾಗ ಯಾವುದೋ, ದುಡ್ಡು ಬಿದ್ದದ್ದು ಯಾವುದಕ್ಕೋ, ಅದು ನುಡಿಸುವಾಗ ನುಡಿಸುವವನ ಹೊಟ್ಟೆಗೆ ಅಂಟಿಕೊಂಡಿರುತ್ತದೆ. ಕೇಳುವವರಿಗೆ ಕಾಣುವುದಿಲ್ಲ. ನುಡಿಸುವವನಿಗೂ ಕಾಣುವುದಿಲ್ಲ. ಅದನ್ನು ಹತ್ತಿರದಿಂದ ಬಲ್ಲದ್ದು ಅವನ ಅಂಗಿಯ ಗುಂಡಿ ಮಾತ್ರ. ಹಾಗಾಗಿ ನಮ್ಮ ಗೆಳೆಯ ಇನ್‌ಸ್ಟಾಗ್ರಾಮಿಗೆ ಹಾಕಿದ ಮೊದಲ ಫೋಟೋದಲ್ಲಿ ಗಿಟಾರ್ ಬೋರಲು ಮಲಗಿದೆ. ಎರಡನೆಯದರಲ್ಲೂ ಬೋರಲು, ಕಿಟಕಿಯ ಬೆಳಕಿನಲ್ಲಿ. ತಂತಿ ಇರುವ ಕಡೆಯ ಫೋಟೋ ಇನ್ನೂ ಬಂದಿಲ್ಲ. ನಾಲ್ಕು ಲಕ್ಷ ಕೊಟ್ಟು ಬೆನ್ನು ಕೊಂಡವನು ಬೆನ್ನು ತೋರಿಸದೆ ಇನ್ನೇನು ತೋರಿಸುತ್ತಾನೆ, ಹೇಳಿ.

ಸೌಂಡಿನ ವಿಷಯ ಅವನ ಬಾಯಲ್ಲೇ ಕೇಳಬೇಕು. ಒಂದು ತಂತಿ ಮೀಟಿ, ಬೆರಳೆತ್ತಿ, ನನ್ನನ್ನು ಸುಮ್ಮನಿರಿಸಿ, "ಕೇಳ್ರಿ. ನೋಟು ಬಂತು, ನಿಂತ್ತು, ಹೋತು. ಬಾಲ ಇಲ್ಲ ನೋಡ್ರಿ" ಅಂದ. ಬಾಲ ಇರುವುದು ಬೀಟೆಗಂತೆ. ಬೀಟೆ ಮರದ ಗಿಟಾರಿನಲ್ಲಿ ಮೀಟಿದ ಸ್ವರದ ಹಿಂದೆ ಗುಂಯ್ ಅಂತ ಉಪಸ್ವರಗಳು ತುಂಬಾ ಹೊತ್ತು ಸುತ್ತುತ್ತವಂತೆ. ಮೇಪಲ್ ಹಾಗಲ್ಲ. ಅದು ತನ್ನದೇನನ್ನೂ ಸೇರಿಸುವುದಿಲ್ಲ, ತಂತಿ ಹೇಳಿದ್ದನ್ನಷ್ಟೇ ಹೇಳುತ್ತದೆ. ಸ್ವಚ್ಛ, ಒಣ, ಚುರುಕು. ಹತ್ತು ವಾದ್ಯದ ನಡುವೆಯೂ ಎದ್ದು ಕೇಳುತ್ತದೆ. ಗಿಬ್ಸನ್ ಕಂಪನಿಯ ದೊಡ್ಡ ಹೊಟ್ಟೆಯ ಜೆ-200 ಇದಕ್ಕೇ ಹೆಸರುವಾಸಿ. ಎಲ್ವಿಸ್ ಪ್ರೀಸ್ಲಿ ಕೈಯಲ್ಲಿ ಅದನ್ನು ನೋಡಿರುತ್ತೀರಿ. ಅದರ ಬ್ರಿಡ್ಜು, ಅಂದರೆ ತಂತಿಯ ತುದಿ ಸಿಕ್ಕಿಸುವ ಪಟ್ಟಿ, ಮೀಸೆಯ ಆಕಾರದಲ್ಲಿದೆ. ಪುಣೆಯ ಗಣಪತಿ ಮಂಡಳದ ಅಧ್ಯಕ್ಷರ ಫ್ಲೆಕ್ಸ್ ನೋಡಿದವರಿಗೆ ಈ ಮೀಸೆ ಹೊಸದೇನಲ್ಲ.

ಬೀಟೆಯ ಮಾತು ಬಂತು, ಸ್ವಲ್ಪ ಆ ಕಡೆ ಹೋಗಿಬರೋಣ. ಗಿಟಾರ್ ಲೋಕ ಇಂಡಿಯನ್ ರೋಸ್‌ವುಡ್ ಎಂದು ಕರೆಯುವುದು ನಮ್ಮ ಪಶ್ಚಿಮ ಘಟ್ಟದ ಬೀಟೆಯನ್ನೇ. 1960ರ ದಶಕದ ಕೊನೆಗೆ ಬ್ರೆಜಿಲಿನ ಮರ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿ ಇದಕ್ಕೆ ತಿರುಗಿಕೊಂಡಿತು. ಉಳಿದವರೂ ತಿರುಗಿಕೊಂಡರು. ಅಂದಿನಿಂದ ಘಟ್ಟದ ಮರ ಹಡಗು ಹತ್ತಿ ಹೋಗುತ್ತದೆ, ಗಿಟಾರ್ ಆಗಿ ವಾಪಸ್ ಬರುತ್ತದೆ, ಬರುವಾಗ ಸುಂಕ ಕಟ್ಟುತ್ತದೆ. 2017ರಲ್ಲಿ ಜಗತ್ತಿನ ಬೀಟೆ ಜಾತಿಯ ಮರಗಳಿಗೆಲ್ಲ ಸೈಟಿಸ್ ಎಂಬ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಲಗಾಮು ಬಿತ್ತು. ಗಿಟಾರ್ ಹಿಡಿದು ಗಡಿ ದಾಟುವವರೂ ಮರದ ಜಾತಕ ಇಟ್ಟುಕೊಂಡು ತಿರುಗಬೇಕೇನೋ ಅನ್ನುವ ಹೆದರಿಕೆ ಶುರುವಾಯ್ತು. ಸಿದ್ಧ ವಾದ್ಯಗಳಿಗೆ ರಿಯಾಯಿತಿ ಸಿಕ್ಕಿದ್ದು 2019ರಲ್ಲಿ. ಶಿರಸಿ ಕಡೆಯ ಹಿತ್ತಲಲ್ಲಿ ತಾನಾಗಿ ಎದ್ದ ಬೀಟೆ ಮರಕ್ಕೆ ಕೊಡಲಿ ತಾಗಿಸಲು ಅರಣ್ಯ ಇಲಾಖೆಯ ಅಪ್ಪಣೆ ಬೇಕು. ನಮ್ಮ ಕಡೆಯವರು ನಮ್ಮದೇ ಮರ ಬಿಟ್ಟು, ಕಂಡಿರದ ದೇಶದ ಮೇಪಲ್ಲಿಗೆ ಸಾಲ ಮಾಡುತ್ತಾರೆ. ಇರಲಿ, ಮೇಪಲ್ಲಾದರೂ ಬದುಕಲಿ.

ಇನ್ನೊಂದು ಸಂಗತಿಯನ್ನು ಗೆಳೆಯನ ಮುಂದೆ ಹೇಳಬೇಡಿ. 2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಆರು ಗಿಟಾರ್. ಆಕಾರ ಒಂದೇ, ಮುಂಭಾಗ ಒಂದೇ, ಹಿಂಭಾಗದ ಮರ ಮಾತ್ರ ಬೇರೆ ಬೇರೆ. ಅದರಲ್ಲಿ ದುಬಾರಿ ಬ್ರೆಜಿಲ್ ಬೀಟೆಯೂ ಇತ್ತು, ಮೇಪಲ್ಲೂ ಇತ್ತು, ಅಗ್ಗದ ಮರವೂ ಇತ್ತು. 52 ಜನ ಗಿಟಾರ್ ವಾದಕರು ಮರ ಯಾವುದೆಂದು ಕಾಣದಂತೆ ನುಡಿಸಿ ಮಾರ್ಕು ಕೊಟ್ಟರು. ಮಾರ್ಕು ಹೆಚ್ಚುಕಮ್ಮಿ ಸಮ. ಕಣ್ಣು ಮುಚ್ಚಿದರೆ ಬಾಲ ಇದ್ದದ್ದೂ ಇಲ್ಲದ್ದೂ ಒಂದೇ ಆಗಿಬಿಟ್ಟಿತು. ನಾನು ಒಮ್ಮೆ ಬಾಯಿ ತಪ್ಪಿ ಇದನ್ನು ಅಂದೆ. ಗೆಳೆಯ ಸಿಟ್ಟಾಗಲಿಲ್ಲ. "ಆ 52 ಮಂದಿ ಕಿವಿ ಹೆಂಗಿತ್ತೋ ಏನೋ" ಅಂದ. ನಂಬಿಕೆ ಅಂದರೆ ಹೀಗಿರಬೇಕು.

ಗಿಟಾರಿಗೆ ಒಂದು ಪ್ರತ್ಯೇಕ ಕೋಣೆ ಇದೆ. ಗಾಳಿಯಲ್ಲಿ ತೇವ 45ರಿಂದ 55 ಪರ್ಸೆಂಟ್ ಒಳಗೆ ಇರಬೇಕು, ಇಲ್ಲವಾದರೆ ಮರ ಉಬ್ಬುತ್ತದೆ ಅಥವಾ ಬಿರಿಯುತ್ತದೆ. ಪುಣೆಯ ಮಳೆಗಾಲಕ್ಕೆ ಈ ನಿಯಮ ಯಾರೂ ತಿಳಿಸಿಲ್ಲ. ಹಾಗಾಗಿ ಏಸಿ, ತೇವ ಹೀರುವ ಮೆಷಿನ್ನು, ಪೆಟ್ಟಿಗೆಯೊಳಗೆ ಪೊಟ್ಟಣ, ಪೊಟ್ಟಣದ ಪಕ್ಕ ಮೀಟರ್. ಊರಿಂದ ಬಂದ ಅವನ ತಾಯಿ ಮಂಡಿ ನೋವು ಅಂತ ಹಾಲ್‌ನಲ್ಲಿ ಫ್ಯಾನ್ ಕೆಳಗೆ ಕೂತಿರುತ್ತಾರೆ. ಏಸಿ ಗಿಟಾರಿಗೆ.

ಇಷ್ಟೆಲ್ಲ ಆದ ಮೇಲೆ ನುಡಿಸಬೇಕಲ್ಲ? ಎಲ್ಲಿ, ಯಾವಾಗ? ಪಕ್ಕದ ಸೊಸೈಟಿ ರಿಡೆವಲಪ್‌ಮೆಂಟಿಗೆ ಹೋಗಿದೆ, ಬೆಳಿಗ್ಗೆಯಿಂದ ಕಲ್ಲು ಕೊರೆಯುವ ಮೆಷಿನ್ನು. ಮಧ್ಯಾಹ್ನ ರಿವರ್ಸ್ ಹೋಗುವ ಟೆಂಪೋಗಳ ಪೀಂ ಪೀಂ. ಸಂಜೆ ಕರ್ವೆ ರಸ್ತೆ, ಅದನ್ನು ಬಣ್ಣಿಸುವ ಅಗತ್ಯ ಇಲ್ಲ. ಹಬ್ಬದ ದಿನಗಳು ಬಂದರೆ ಮುಗೀತು. ಒಂದು ಮಂಡಳದ್ದು ಒಂದು ಟೆಂಪೋ, ಅದರ ಮೇಲೆ ಗೋಡೆಯಂತೆ ಜೋಡಿಸಿದ ಸ್ಪೀಕರು. ನಮ್ಮ ಚೌಕದಲ್ಲಿ ಇಂಥವು ನಾಲ್ಕು ಎದುರುಬದುರು ನಿಂತು ಪರಸ್ಪರ ಕುಶಲ ವಿಚಾರಿಸಿದವು. ಕಿಟಕಿಯ ಗಾಜು ನಡುಗಿತು. ಮೇಪಲ್ಲೂ ನಡುಗಿತು. ಗೆಳೆಯ ಪೆಟ್ಟಿಗೆಯ ಮೇಲೆ ಕೈಯಿಟ್ಟು, "ತಂತಿ ತಾನಾಗೇ ಮಿಡೀಲಿಕ್ಕತ್ತಾವ" ಅಂದ. ಅಷ್ಟು ಸೂಕ್ಷ್ಮ ವಾದ್ಯ ಅದು, ಮೆಚ್ಚಲೇಬೇಕು.

ಕಾನೂನು ಇದೆ, ಇಲ್ಲ ಅಂತ ಅಲ್ಲ. ಶಬ್ದ ಮಾಲಿನ್ಯ ನಿಯಮ ಬಂದದ್ದು 2000ದಲ್ಲಿ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ನೂರು ಮೀಟರ್ ಇನ್ನೂ ಕಮ್ಮಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಧ್ವನಿವರ್ಧಕ ಬಂದ್. ವರ್ಷಕ್ಕೆ ಹದಿನೈದು ದಿನ ಮೀರದಂತೆ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಬಹುದು. ಧ್ವನಿವರ್ಧಕ ಯಾವ ಧರ್ಮಕ್ಕೂ ಅನಿವಾರ್ಯ ಅಲ್ಲ ಅಂತ ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ ಮತ್ತೆ ಹೇಳಿತು. ಹೈಕೋರ್ಟ್ ಪಾಪ ಹೇಳುತ್ತಲೇ ಇರುತ್ತದೆ. ಮೆಲ್ಲಗೆ ಹೇಳುತ್ತದೆ, ಅದೇ ತೊಂದರೆ.

ಡೆಸಿಬಲ್ ಲೆಕ್ಕ ಸಾದಾ ಕೂಡಿಸುವ ಲೆಕ್ಕ ಅಲ್ಲ. ಹತ್ತು ಹೆಚ್ಚಿದರೆ ಶಬ್ದದ ತೀವ್ರತೆ ಹತ್ತು ಪಟ್ಟು ಆಗುತ್ತದೆ. 55ರಿಂದ 100ಕ್ಕೆ ಹೋದರೆ ಮೂವತ್ತು ಸಾವಿರ ಪಟ್ಟಿಗೂ ಮೇಲೆ. ಬೇರೆ ಯಾವ ಕಾನೂನನ್ನಾದರೂ ಮೂವತ್ತು ಸಾವಿರ ಪಟ್ಟು ಮುರಿದು, ಮೇಲೆ ಪೊಲೀಸ್ ಬಂದೋಬಸ್ತನ್ನೂ ಪಡೆಯಲು ಸಾಧ್ಯವೇ? ವಿಸರ್ಜನೆ ಮೆರವಣಿಗೆ ಒಂದು ಹಗಲು, ಒಂದು ರಾತ್ರಿ ದಾಟಿ ಮರುದಿನಕ್ಕೂ ಎಳೆಯುತ್ತದೆ. ಹನ್ನೆರಡು ಹೊಡೆದ ಕೂಡಲೇ ಸ್ಪೀಕರ್ ಬಂದ್. ಎಲ್ಲರೂ ಟೆಂಪೋ ಪಕ್ಕದಲ್ಲೇ ಕೂತು ಕಾಯುತ್ತಾರೆ. ಬೆಳಿಗ್ಗೆ ಸರಿಯಾಗಿ ಆರಕ್ಕೆ ಮತ್ತೆ ಶುರು. ಗಡಿಯಾರ ನೋಡಿ ಕಾನೂನು ಪಾಲಿಸುವ ಜನ ಮೀಟರ್ ಮಾತ್ರ ನೋಡುವುದಿಲ್ಲ.

ಗಣಪತಿಯ ತಪ್ಪೇನೂ ಇಲ್ಲ. 1893ರಲ್ಲಿ ತಿಲಕರು ಅವನನ್ನು ಬೀದಿಗೆ ತಂದಾಗ ಜನ ಒಟ್ಟಿಗೆ ಕೂತು ಮಾತಾಡಲಿ ಎಂದಿತ್ತು. ಈಗ ಪಕ್ಕದಲ್ಲಿ ನಿಂತವನು ಬೆಂಕಿ ಬಿದ್ದಿದೆ ಎಂದು ಕೂಗಿದರೂ ಕೇಳಿಸುವುದಿಲ್ಲ.

ಇನ್ನೊಂದು ವಿಷಯ ಇದೆ. ಅದನ್ನು ನಗುತ್ತಾ ಹೇಳಲು ನನಗೆ ಬರುವುದಿಲ್ಲ. ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಗದಗಿನಿಂದ ಬಂದ ಭೀಮಸೇನ ಜೋಶಿ ಈ ಊರಿನಲ್ಲಿ ಬೆಳೆಸಿದ ಸಂಗೀತೋತ್ಸವ ನಿಮಗೆ ಗೊತ್ತು. 1953ರಿಂದ ನಡೆಯುತ್ತಿದೆ. ಹಿಂದೆ ರಾತ್ರಿಯಿಡೀ ನಡೆಯುತ್ತಿತ್ತು. ಚಳಿಯಲ್ಲಿ ಕಂಬಳಿ ಹೊದ್ದು ಜನ ಕೂತಿರುತ್ತಿದ್ದರು. ರಾತ್ರಿಯ ರಾಗ ರಾತ್ರಿ, ಬೆಳಗಿನ ರಾಗ ಬೆಳಗಿಗೆ. ಧಾರವಾಡ, ಬೆಳಗಾವಿಯಿಂದ ಬಸ್ಸು ಹತ್ತಿ ಬಂದು ಕೇಳಿ ಹೋದವರು ಇದ್ದಾರೆ. ಆಮೇಲೆ ಹತ್ತು ಗಂಟೆಯ ನಿಯಮ ಬಂತು. ಉತ್ಸವ ಹತ್ತಕ್ಕೆ ಮುಗಿಯಲು ಶುರುವಾಯ್ತು. ಒಂದು ದಿನ ಮಾತ್ರ ಹನ್ನೆರಡರವರೆಗೆ. ಎರಡು ತಂಬೂರಿ, ಒಬ್ಬ ಹಾಡುಗಾರ, ಸುಮ್ಮನೆ ಕೂತ ಸಾವಿರಾರು ಜನ. ಇವರ ಮೇಲೆ ಕಾನೂನು ಅಚ್ಚುಕಟ್ಟಾಗಿ ಜಾರಿಯಾಯ್ತು. ಇವರು ಕಲ್ಲು ಎಸೆಯುವುದಿಲ್ಲ, ವೋಟು ಒಟ್ಟು ಮಾಡುವುದಿಲ್ಲ, ಹೇಳಿದರೆ ಎದ್ದು ಮನೆಗೆ ಹೋಗುತ್ತಾರೆ. ಆದ್ದರಿಂದ ಜಾರಿಯಾಯ್ತು. ಬೇರೆ ಯಾವ ಕಾರಣವೂ ಇಲ್ಲ. ಮಲಗಿದ ಮಗು, ಹೃದ್ರೋಗಿ ಮುದುಕ, ಪರೀಕ್ಷೆಗೆ ಓದುವ ಹುಡುಗಿ, ಇವರ ಹೆಸರಿನಲ್ಲಿ ಮಾಡಿದ ನಿಯಮ ಸಿಕ್ಕಿಬಿದ್ದದ್ದು ತಂಬೂರಿಯ ಕೊರಳಿಗೆ. ಇದನ್ನು ಬರೆಯುವಾಗ ಸುಸ್ತಾಗುತ್ತದೆ. ಎಷ್ಟು ಸಲ ಬರೆಯುವುದು?

ಗೆಳೆಯನ ಕಥೆಗೆ ಬರುತ್ತೇನೆ. ಗಲಾಟೆಯಲ್ಲಿ ಮೇಪಲ್ಲಿನ ಸೊಗಸು ತನಗೇ ಕೇಳುತ್ತಿಲ್ಲ ಅಂತ ಅವನು ಕಿಟಕಿಗೆ ಎರಡು ಪದರದ ಗಾಜು ಹಾಕಿಸಿದ. ಅದೂ ಸಾಲದಾದಾಗ ಆಂಪ್ಲಿಫೈಯರ್ ತಂದ. ಮರದ ಸಹಜ ದನಿಗೆ ಲಕ್ಷಗಟ್ಟಲೆ ಸುರಿದವನು ಕೊನೆಗೆ ಅದಕ್ಕೆ ಕರೆಂಟು ಕೊಟ್ಟ. ಒಂದು ಭಾನುವಾರ ಸಂಜೆ ಏಳಕ್ಕೆ ನುಡಿಸಲು ಕೂತ. ಅಂಥಾ ಜೋರೇನಿಲ್ಲ, ಕೆಳಗಿನ ಮಹಡಿಗೆ ಕೇಳುವಷ್ಟು.

ಸೋಮವಾರ ಸೊಸೈಟಿಯಿಂದ ನೋಟಿಸ್ ಬಂತು. ವಸತಿ ಪ್ರದೇಶ, 55 ಡೆಸಿಬಲ್, 2000ದ ನಿಯಮ, ಎಲ್ಲ ಬರೆದಿದ್ದರು. ಅವರು ಬರೆದದ್ದು ತಪ್ಪೂ ಅಲ್ಲ. ಆಂಪ್ಲಿಫೈಯರ್ ಇರಲಿ, ಬರೀ ಗಿಟಾರನ್ನೇ ಹತ್ತಿರ ಕೂತು ಜೋರಾಗಿ ಮೀಟಿದರೆ 55 ದಾಟುತ್ತದೆ. ನೋಟಿಸಿನ ಪ್ರಕಾರ ನಮ್ಮ ಗೆಳೆಯ ತಪ್ಪಿತಸ್ಥ. ಕೆಳಗೆ ಸಹಿ ಮಾಡಿದ ಕಾರ್ಯದರ್ಶಿಯೇ ಚೌಕದ ಮಂಡಳದ ಖಜಾಂಚಿ. ನಾಲ್ಕು ಟೆಂಪೋದಲ್ಲಿ ಒಂದನ್ನು ಗೊತ್ತು ಮಾಡಿದವರು ಇವರೇ. ನೋಟಿಸಿಗೆ ಪಿನ್ ಹೊಡೆದು ಇನ್ನೊಂದು ಕಾಗದ ಇತ್ತು. ಮುಂದಿನ ವರ್ಷದ ಗಣಪತಿಗೆ ವರ್ಗಣಿ, ಅಂದರೆ ಚಂದಾ, ರಶೀದಿ, 2,501 ರೂಪಾಯಿ, ಮುಂಗಡ ಕೊಟ್ಟವರ ಹೆಸರನ್ನು ಸ್ಪೀಕರಿನಲ್ಲಿ ಕೂಗಲಾಗುವುದು.