ಹಾಲಿನ ಲೆಕ್ಕದ ಪಕ್ಕದಲ್ಲಿ ಕಾದಂಬರಿಯ ಲೆಕ್ಕ

ಡಿಸೆಂಬರ್ ಕೊನೆಯ ವಾರ ಗೋಡೆಗೆ ಹೊಸ ಕ್ಯಾಲೆಂಡರ್ ಬರುತ್ತದೆ. ಅದರ ಚೌಕಗಳು ಹಾಲು ಬಾರದ ದಿನ, ಸಿಲಿಂಡರ್ ಹಚ್ಚಿದ ದಿನ, ಕೆಲಸದವರು ಕೈಕೊಟ್ಟ ದಿನ ಇವನ್ನೆಲ್ಲ ಗುರುತು ಹಾಕಲೆಂದೇ ಇರುವಂಥವು. ಹೊಸದಾಗಿದ್ದಾಗ ಮಾತ್ರ ಅವು ಖಾಲಿಯಾಗಿ ಹೊಳೆಯುತ್ತ ಮನುಷ್ಯನಿಗೆ ಇಲ್ಲದ ಧೈರ್ಯ ತುಂಬುತ್ತವೆ. ಆ ಧೈರ್ಯದಲ್ಲಿ ಬರೆದ, ವರ್ಷಕ್ಕೆ ಓದಬೇಕಾದ ಕಾದಂಬರಿಗಳ ಪಟ್ಟಿ ಹೆಚ್ಚುಕಡಿಮೆ ಹೀಗಿರುತ್ತದೆ: ಜನವರಿಗೆ ‘ಮಲೆಗಳಲ್ಲಿ ಮದುಮಗಳು’, ಫೆಬ್ರವರಿಗೆ ‘ಪರ್ವ’, ಮಾರ್ಚಿಗೆ ‘ದುರ್ಗಾಸ್ತಮಾನ’. ತಿಂಗಳಿಗೊಂದು ಬೆಟ್ಟ. ಸಂಕ್ರಾಂತಿಯ ಹೊತ್ತಿಗೆ ಮೊದಲನೆಯ ಬೆಟ್ಟದ 38ನೇ ಪುಟದಲ್ಲಿ ಎಳ್ಳುಬೆಲ್ಲದ ಎಣ್ಣೆ ಬೆರಳಿನ ಗುರುತು ಬಿದ್ದಿರುತ್ತದೆ. ಯುಗಾದಿಯ ಹೊತ್ತಿಗೂ ಕೊನೆಯ ಗುರುತು ಅದೇ.

ಪಟ್ಟಿ ಕೆಡುವುದು ಭಾಗಾಕಾರದಲ್ಲಿ. ಸೋಮಾರಿತನ ಆಮೇಲೆ ಬಂದು ಸೇರಿಕೊಳ್ಳುತ್ತದೆ. 700 ಪುಟದ ಆಸುಪಾಸಿನ ಕಾದಂಬರಿಯನ್ನು 30ರಿಂದ ಭಾಗಿಸಿ ‘ದಿನಕ್ಕೆ 23 ಪುಟ, ಅಷ್ಟೇ ತಾನೇ’ ಅನ್ನುವವರು ತಿಂಗಳಿಗೆ 30 ದಿನವಿದೆ ಎಂದು ನಂಬಿದವರು. ಓದುವವರ ತಿಂಗಳಿಗೆ ಅಷ್ಟು ದಿನವಿಲ್ಲ. 4 ಭಾನುವಾರ ಮೊದಲೇ ಹೋದವು. ಬಿಡುವಿನ ದಿನವೆಂದು ಎಲ್ಲರೂ ಓದನ್ನು ಭಾನುವಾರಕ್ಕೆ ತಳ್ಳುತ್ತಾರೆ, ಆದರೆ ಇಸ್ತ್ರಿ, ನೆಂಟರು, ನಾಮಕರಣ, ಮಧ್ಯಾಹ್ನದ ನಿದ್ದೆ ಎಲ್ಲಕ್ಕೂ ಅದೇ ದಿನವೇ ಬೇಕು. ಹಬ್ಬಹುಣ್ಣಿಮೆಗೆ 2, ನೆಗಡಿ ತಲೆನೋವಿಗೆ 2, ಕ್ರಿಕೆಟ್ಟಿಗೆ 2, ಕರೆಂಟ್ ಬಿಲ್ಲು, ಬಾಡಿಗೆ, ಶಾಲೆಯ ಸಭೆ ಅಂತ ಇನ್ನೆರಡು. ಉಳಿದದ್ದು 18. ಈ 18 ದಿನವೂ ತಲಾ 40 ನಿಮಿಷ ಕೂತರೆ ಒಟ್ಟು 12 ಗಂಟೆ. ಪುಟಕ್ಕೆ ಒಂದೂವರೆ ನಿಮಿಷದಂತೆ ದಿನಕ್ಕೆ 27 ಪುಟ ಸಿಗದೆ 26 ಸಿಕ್ಕಿತು ಅನ್ನಿ, ತಿಂಗಳಿಗೆ 470ರ ಹತ್ತಿರ ಬಂದು ನಿಲ್ಲುತ್ತದೆ. ಅಂದರೆ 700 ಪುಟದ ಕಾದಂಬರಿಗೆ ಒಂದೂವರೆ ತಿಂಗಳು. ಇದನ್ನು ಕ್ಯಾಲೆಂಡರಿನಲ್ಲಿ ಮೊದಲೇ ಒಂದೂವರೆ ತಿಂಗಳೆಂದು ಬರೆದುಕೊಂಡವರು ಮುಗಿಸುತ್ತಾರೆ. ಒಂದೇ ತಿಂಗಳೆಂದು ಬರೆದವರು ಮೂರು ತಿಂಗಳು ತಲೆ ತಪ್ಪಿಸಿಕೊಂಡು ಓಡಾಡುತ್ತಾರೆ.

ಪುಟಕ್ಕೆ ಎಷ್ಟು ನಿಮಿಷ ಎಂಬುದನ್ನು ಅಂದಾಜಿನಲ್ಲಿ ಹೇಳಬಾರದು, ಗಡಿಯಾರ ಇಟ್ಟು ನೋಡಬೇಕು. ಮೊದಲ 10 ಪುಟದಲ್ಲಿ ಅಳೆಯಬೇಡಿ. ಅಲ್ಲಿ ಊರು, ಹೆಸರು, ಸಂಬಂಧ ಎಲ್ಲ ಹೊಸದು. ಯಾರು ಯಾರ ಸೋದರಮಾವ ಎಂದು ಹಿಂದೆ ತಿರುಗಿಸಿ ನೋಡುವುದೇ ಕೆಲಸ. 50ರಿಂದ 60ನೇ ಪುಟದವರೆಗೆ ಅಳೆಯಿರಿ. ಬೆಳಿಗ್ಗೆ ಒಮ್ಮೆ, ರಾತ್ರಿ ಊಟವಾದ ಮೇಲೆ ಒಮ್ಮೆ. ಊಟದ ನಂತರದ ವೇಗವನ್ನು ಅರ್ಧ ಎಂದೇ ಹಿಡಿಯುವುದು ಕ್ಷೇಮ, ಏಕೆಂದರೆ ಆಗ ಒಂದೇ ಪ್ಯಾರಾವನ್ನು ನಾಲ್ಕು ಸಲ ಓದುತ್ತೀರಿ, ನಾಲ್ಕನೇ ಸಲ ಕಣ್ಣು ಮುಚ್ಚಿಕೊಂಡು. ಅನ್ನ ಸಾರಿನ ಮೇಲೆ ಮೊಸರನ್ನವೂ ಬಿದ್ದಿದ್ದರೆ ಲೆಕ್ಕಕ್ಕೇ ಹಿಡಿಯಬೇಡಿ.

ಇದಕ್ಕಿಂತ ದೊಡ್ಡ ಪೆಟ್ಟು ಕೊಡುವುದು ಪುಸ್ತಕದ ದಪ್ಪ ನೋಡಿ ತೂಕ ಹೇಳುವ ಅಭ್ಯಾಸ. ‘ಕರ್ವಾಲೊ’ ಮತ್ತು ‘ಕುಸುಮಬಾಲೆ’ ಎರಡೂ ತೆಳು ಪುಸ್ತಕಗಳೇ. ಅಂಗಡಿಯಲ್ಲಿ ಒಂದರ ಮೇಲೊಂದು ಇಟ್ಟು ‘ಈ ತಿಂಗಳು ಇವೆರಡು, ಆರಾಮಾಗಿ ಆಗುತ್ತೆ’ ಅನ್ನಿಸುತ್ತದೆ. ಮೊದಲನೆಯದು ಹಾರುವ ಓತಿಯ ಬೆನ್ನು ಹತ್ತಿ ಎರಡು ಸಂಜೆಯಲ್ಲಿ ಮುಗಿದುಹೋಗುತ್ತದೆ. ಎರಡನೆಯದು ನಂಜನಗೂಡು ಸೀಮೆಯ ಆಡುಮಾತಿನಲ್ಲಿ, ಹಾಡಿನ ಹಾಗೆ ಸಾಗುವ ಬರವಣಿಗೆ. ಕಣ್ಣಲ್ಲಿ ಓದಿದರೆ ಅದು ಬಾಗಿಲು ತೆಗೆಯುವುದಿಲ್ಲ, ಬಾಯಿಬಿಟ್ಟು ಓದಬೇಕು. ಬಾಯಿಬಿಟ್ಟು ಓದಿದರೆ ದಿನಕ್ಕೆ 8 ಪುಟ ಆದರೂ ಹೆಚ್ಚು. ಜೊತೆಗೆ ಪಕ್ಕದ ಕೋಣೆಯಿಂದ ‘ಯಾರ ಜೊತೆ ಮಾತಾಡ್ತಿದೀರ?’ ಎಂಬ ಪ್ರಶ್ನೆ. ಆದ್ದರಿಂದ ಆಡುಭಾಷೆಯ ಕಾದಂಬರಿಗೆ ಪುಟಸಂಖ್ಯೆಯನ್ನು ಮೂರರಿಂದ ಗುಣಿಸಿ ಬರೆದುಕೊಳ್ಳಿ. ಈ ಗುಣಾಕಾರ ಊರಿಗೆ ತಕ್ಕಂತೆ ತಿರುಗುತ್ತದೆ. ‘ಗ್ರಾಮಾಯಣ’ದ ಉತ್ತರ ಕರ್ನಾಟಕದ ಮಾತು ಮೈಸೂರಿನವರಿಗೆ ಮೊದಲ 40 ಪುಟ ಕಲ್ಲು ದಾರಿ, ಬಾಗಲಕೋಟೆಯವರಿಗೆ ಅದು ಮನೆ ಅಂಗಳ. ‘ಕುಸುಮಬಾಲೆ’ಯಲ್ಲಿ ಇಬ್ಬರೂ ಜಾಗ ಅದಲುಬದಲು ಮಾಡಿಕೊಳ್ಳುತ್ತಾರೆ. ಗಂಡ ಆ ಕಡೆಯವರು, ಹೆಂಡತಿ ಈ ಕಡೆಯವರಾಗಿರುವ ಮನೆಯಲ್ಲಿ ಒಂದೇ ಪ್ರತಿ ಸಾಕು, ಆದರೆ ಒಂದೇ ಪಟ್ಟಿ ಸಾಲದು.

ಪಾತ್ರಗಳು ಗಿಜಿಗುಡುವ ಕಾದಂಬರಿಗೆ ಇನ್ನೊಂದು ಮುನ್ನೆಚ್ಚರಿಕೆ ಬೇಕು. ಒಂದು ಹಾಳೆಯನ್ನು ನಾಲ್ಕಾಗಿ ಮಡಚಿ ಪುಸ್ತಕದ ಕೊನೆಗೆ ಇಟ್ಟುಕೊಳ್ಳಿ. ಹೊಸ ಹೆಸರು ಬಂದಾಗ ಹೆಸರು, ಮನೆ, ಯಾರಿಗೆ ಏನಾಗಬೇಕು, ಕಂಡ ಪುಟ ಇಷ್ಟನ್ನು ಬರೆಯಿರಿ. ‘ಮಲೆಗಳಲ್ಲಿ ಮದುಮಗಳು’ ಓದುವವರು ನಾಯಿಗೂ ಒಂದು ಸಾಲು ಬಿಡಬೇಕು, ಗುತ್ತಿಯ ಹಿಂದೆ ಹೊರಟ ಹುಲಿಯನನ್ನು ಮರೆತರೆ ಆಮೇಲೆ ಪಶ್ಚಾತ್ತಾಪವಾಗುತ್ತದೆ. ಹದಿನೈದು ದಿನ ಓದು ತಪ್ಪಿಹೋದಾಗ ಈ ಹಾಳೆಯೇ ನಿಮ್ಮನ್ನು ಮತ್ತೆ ಮೊದಲ ಪುಟದಿಂದ ಶುರುಮಾಡುವ ಶಿಕ್ಷೆಯಿಂದ ಪಾರುಮಾಡುವುದು. ಒಂದೇ ಅಪಾಯವೆಂದರೆ ಮನೆಯವರ ಕೈಗೆ ಸಿಕ್ಕರೆ ಯಾರದೋ ಮದುವೆಗೆ ಕರೆಯಬೇಕಾದವರ ಪಟ್ಟಿ ಅಂದುಕೊಳ್ಳುತ್ತಾರೆ.

ಇನ್ನು ಯಾವ ತಿಂಗಳಿಗೆ ಯಾವುದು. ಇಂಗ್ಲಿಷ್ ತಿಂಗಳನ್ನು ನಂಬಿ ಹೊರಟರೆ ಕೆಟ್ಟಂತೆ, ಪಂಚಾಂಗ ನೋಡಿ. ದಪ್ಪ ಕಾದಂಬರಿಗೆ ಆಷಾಢದಷ್ಟು ಒಳ್ಳೆಯ ಮುಹೂರ್ತವಿಲ್ಲ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಹೊರಗೆ ಮಳೆ. ನೆಂಟರಿಗೂ ಬರಲು ನೆಪವಿಲ್ಲ. ಜೂನ್ ನಡುವಿನಿಂದ ಆಗಸ್ಟ್ ನಡುವಿನವರೆಗೆ ಎಲ್ಲೋ ಒಂದು ಕಡೆ ಬೀಳುವ ಈ ತಿಂಗಳನ್ನು ಕುವೆಂಪು, ಭೈರಪ್ಪ, ತರಾಸು ಇವರಲ್ಲಿ ಒಬ್ಬರಿಗೆ ಬರೆದುಕೊಟ್ಟುಬಿಡಿ. ಮಲೆನಾಡಿನವರು ಕರೆಂಟ್ ಹೋಗುವುದನ್ನೂ ಸೇರಿಸಿ ಲೆಕ್ಕ ಹಾಕಬೇಕು. ಚಾರ್ಜಿನ ದೀಪ ಹಚ್ಚಿ ಕಿಟಕಿ ತೆರೆದಿಟ್ಟರೆ ಹುಳುಗಳೆಲ್ಲ ಪುಟದ ಮೇಲೆಯೇ ಸಭೆ ಸೇರುತ್ತವೆ. ಶ್ರಾವಣ ಬಂದ ಕೂಡಲೇ ಎಲ್ಲ ತಲೆಕೆಳಗು. ಮಂಗಳಗೌರಿ, ವರಮಹಾಲಕ್ಷ್ಮಿ, ಅದರ ಬೆನ್ನಿಗೆ ಗಣೇಶ. ಆಗ 120 ಪುಟ ದಾಟದ ಪುಸ್ತಕವನ್ನೇ ಹಿಡಿಯಿರಿ. ಮಾರ್ಚಿನಲ್ಲಿ ಬ್ಯಾಂಕು, ಲೆಕ್ಕಪತ್ರದ ಕೆಲಸದವರು ಏನನ್ನೂ ಬರೆದುಕೊಳ್ಳದಿರುವುದೇ ಮೇಲು. ಏಪ್ರಿಲ್ ಮೇ ತಿಂಗಳಲ್ಲಿ ಮದುವೆ, ಮಕ್ಕಳ ರಜೆ, ಸಂಜೆಯಾದರೆ ಐಪಿಎಲ್. ಪತ್ತೇದಾರಿ ಒಂದು, ಹಾಸ್ಯ ಒಂದು, ಎರಡನ್ನೂ ಮದುವೆ ಮಂಟಪದಲ್ಲಿ ಎರಡನೇ ಪಂಕ್ತಿಗೆ ಕಾಯುವಾಗ ಓದಬಹುದು.

ನವರಾತ್ರಿಯದು ಮಾತ್ರ ಬೇರೆಯೇ ಸಂಕಟ. ಮೂಲಾ ನಕ್ಷತ್ರದ ದಿನ ಸರಸ್ವತಿ ಪೂಜೆಗೆಂದು ಪುಸ್ತಕಗಳನ್ನು ಇಟ್ಟರೆ ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ. ಶಾಸ್ತ್ರ ಮಕ್ಕಳಿಗೆ ಅಚ್ಚುಮೆಚ್ಚು, ಕಾದಂಬರಿ ಓದುವವರಿಗೆ ಪ್ರಾಣಸಂಕಟ. ಕೊಲೆ ಮಾಡಿದ್ದು ಯಾರೆಂದು ಇನ್ನೇನು ತಿಳಿಯಬೇಕು, ಅಷ್ಟರಲ್ಲಿ ಆ ಪುಸ್ತಕ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಪಂಚಾಂಗದ ಕೆಳಗೆ ಕೂತಿರುತ್ತದೆ. ಕೊಲೆಗಾರನೂ ಸೇವಂತಿಗೆ ಮುಡಿದು ಮೂರು ದಿನ ಪೂಜೆ ಮಾಡಿಸಿಕೊಳ್ಳುತ್ತಾನೆ. ಇದಕ್ಕೆ ಉಪಾಯ ಸುಲಭ: ಓದುತ್ತಿರುವುದನ್ನು ಹಿಂದಿನ ರಾತ್ರಿಯೇ ಆಫೀಸಿನ ಚೀಲಕ್ಕೆ ಸೇರಿಸಿ, ಪೂಜೆಗೆ ನಿಘಂಟು ಕೊಡಿ. ಕುಂಕುಮ ಬಿದ್ದರೂ ಪುಟದ ಮೇಲೆ ಒದ್ದೆ ಬಟ್ಟೆ ಆಡಿಸಬೇಡಿ, ಬಣ್ಣ ಒಳಗೆ ಇಳಿಯುತ್ತದೆ. ಒಣಗಲು ಬಿಟ್ಟು ಮೆತ್ತನೆಯ ಬ್ರಷ್‌ನಿಂದ ಕೊಡವಿ. ನಿಜವಾಗಿ ಆ ಮೂರು ದಿನ ದೇವರ ಮುಂದೆ ಇಟ್ಟು ಮುಟ್ಟದಿರಬೇಕಾದದ್ದು ಫೋನನ್ನು. ಅದನ್ನು ಮಾತ್ರ ಯಾವ ಮನೆಯಲ್ಲೂ ಇಡುವುದಿಲ್ಲ.

ಪುಸ್ತಕ ಕೈಗೆ ಸಿಗುವ ಮೊದಲೇ ಅದನ್ನು ತಿಂಗಳಿಗೆ ಹಂಚುವುದು, ಹೆಣ್ಣು ನೋಡುವ ಮೊದಲೇ ಛತ್ರ ಗೊತ್ತುಮಾಡಿದಂತೆ. ತರಾಸು ಅವರ ಚಿತ್ರದುರ್ಗದ ಕಾದಂಬರಿಗಳನ್ನು ತೆಗೆದುಕೊಳ್ಳಿ: ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಇದೇ ಕ್ರಮದಲ್ಲಿ ಓದಬೇಕಾದ ಮೂರು. ಗ್ರಂಥಾಲಯದ ಶೆಲ್ಫಿನಲ್ಲಿ ಎಂದಿಗೂ ನಡುವಿನದು ಮಾತ್ರ ಇರುತ್ತದೆ. ಮೊದಲನೆಯದನ್ನು ಯಾರೋ ಒಯ್ದಿದ್ದಾರೆ. ಮೂರನೆಯದು ರಟ್ಟು ಕಟ್ಟಿಸಲು ಹೋಗಿದೆ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಗಳಿಗೆ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕೆಂಬುದು. ನಡುವಿನ ಸಂಪುಟ ಮಾತ್ರ ಇರುವ ಶೆಲ್ಫು ಅದನ್ನು ಚಾಚೂ ತಪ್ಪದೆ ಪಾಲಿಸುತ್ತದೆ, ಓದುವುದನ್ನೇ ತಪ್ಪಿಸಿ. ಮೂರೂ ಕೈಯಲ್ಲಿದ್ದರೆ ಮಾತ್ರ ಸರಣಿ ಹಚ್ಚಿಕೊಳ್ಳಿ. ಗ್ರಂಥಾಲಯದ ಪುಸ್ತಕಕ್ಕೆ ವಾಯಿದೆಯೂ ಇದೆ ಎಂಬುದು ನೆನಪಿರಲಿ: 15 ದಿನಕ್ಕೆ 700 ಪುಟವೆಂದರೆ ದಿನಕ್ಕೆ 47. ಅಲ್ಲಿಂದ ತೆಳುವಾದದ್ದನ್ನು ತನ್ನಿ, ದಪ್ಪನಾದದ್ದನ್ನು ಕೊಂಡುಕೊಳ್ಳಿ.

ಕೊಳ್ಳುವಾಗ ಅಂಗಡಿಯಲ್ಲೇ, ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕವಾದರಂತೂ ಖಂಡಿತವಾಗಿ, ಪುಟಸಂಖ್ಯೆ ನೋಡಿ. ಪುಸ್ತಕ ಅಚ್ಚಾಗುವುದು ಪುಟ ಪುಟವಾಗಿ ಅಲ್ಲ, ಒಂದು ದೊಡ್ಡ ಹಾಳೆಯನ್ನು ಮಡಚಿ ಮಾಡಿದ ಫಾರಂ ಲೆಕ್ಕದಲ್ಲಿ. ಸಾಮಾನ್ಯವಾಗಿ ಒಂದು ಫಾರಂಗೆ 16 ಪುಟ. ಬೈಂಡಿಂಗ್‌ನಲ್ಲಿ ಫಾರಂಗಳನ್ನು ಜೋಡಿಸುವವರ ಕೈ ಒಂದು ಕ್ಷಣ ತಪ್ಪಿದರೆ 96 ಆದ ಮೇಲೆ ನೇರ 113 ಬರುತ್ತದೆ, ಇಲ್ಲವೇ 81ರಿಂದ 96 ಎರಡೆರಡು ಸಲ ಬರುತ್ತದೆ. ಎರಡನೆಯದು ಇನ್ನೂ ಮೋಸ. ನಾಯಕಿ ಮತ್ತೊಮ್ಮೆ ಬಾವಿಕಟ್ಟೆಗೆ ಹೋದಳು ಎಂದು ನೀವು ಎಂಟು ಪುಟ ಓದುತ್ತೀರಿ, ಇದೇನೋ ನವ್ಯದ ತಂತ್ರ ಇರಬೇಕು ಅಂದುಕೊಳ್ಳುತ್ತೀರಿ. ಹೊಸ ಪುಸ್ತಕವಾದರೆ ರಶೀದಿ ಸಮೇತ ಬೇಗ ಹಿಂದಿರುಗಿಸಿ ಬದಲಿ ಪ್ರತಿ ಕೇಳಿ. ಬರೀ ಗೋಂದಿನಿಂದ ಅಂಟಿಸಿದ ದಪ್ಪ ಪುಸ್ತಕವನ್ನು ತಂದ ದಿನವೇ ಹಾಸಿಗೆಯಲ್ಲಿ ಪೂರಾ ಅಗಲಿಸಿದರೆ ಬೆನ್ನು ಮುರಿದು ಹಾಳೆಗಳು ಕೈಗೆ ಬರುತ್ತವೆ. ಮೇಜಿನ ಮೇಲಿಟ್ಟು ಮುಂದಿನಿಂದ ಹತ್ತು ಹಾಳೆ, ಹಿಂದಿನಿಂದ ಹತ್ತು ಹಾಳೆ ಹೀಗೆ ನಡುವಿನವರೆಗೆ ಮೆತ್ತಗೆ ಒತ್ತುತ್ತ ಬರಬೇಕು. ಅಂಗಾತ ಮಲಗಿ ಓದುವ ಚಟವಿದ್ದವರು ಅಡುಗೆಮನೆಯ ತಕ್ಕಡಿಯಲ್ಲಿ ಪುಸ್ತಕ ತೂಗಿ ನೋಡಿ. ಅರ್ಧ ಕಿಲೋ ದಾಟಿದ್ದು ಮೂಗಿನ ಮೇಲೆ ಬಿದ್ದರೆ ನೋವು ಸಾಹಿತ್ಯಕ್ಕೆ ಸಂಬಂಧಪಟ್ಟದ್ದಲ್ಲ.

ಹಿಂದಿನವರಿಗೆ ಈ ಗೋಳು ಅಷ್ಟಿರಲಿಲ್ಲ. ವಾರಪತ್ರಿಕೆಯ ಧಾರಾವಾಹಿ ವಾರಕ್ಕೊಂದೇ ಕಂತು ಕೊಡುತ್ತಿತ್ತು, ಮುಂದೋಡಲು ಪುಟವೇ ಇಲ್ಲ. ಧಾರವಾಡದಲ್ಲಿ 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆಗೆ ಚಂದಾದಾರರಾದರೆ ಯಾವುದನ್ನು ಓದಬೇಕೆಂದು ತಲೆ ಕೆಡಿಸಿಕೊಳ್ಳುವ ಕೆಲಸ ಅದನ್ನು ನಡೆಸುತ್ತಿದ್ದ ಜಿ. ಬಿ. ಜೋಶಿಯವರದು. ಧಾರಾವಾಹಿಯ ಹಾಳೆ ಕಿತ್ತು ಹೊಲಿಸಿಟ್ಟವರ ಮನೆಯಲ್ಲಿ ಒಂದೇ ಕೊರತೆ: ಹದಿನೇಳನೇ ಕಂತಿನಲ್ಲಿ ಯಾರೋ ಕಡಲೆಬೀಜ ಕಟ್ಟಿರುತ್ತಿದ್ದರು.

ನವೆಂಬರಿನ ರಾಜ್ಯೋತ್ಸವ ರಿಯಾಯಿತಿಯಲ್ಲಿ ಕೊಂಡದ್ದನ್ನು ಓದಿದ ಲೆಕ್ಕಕ್ಕೆ ಸೇರಿಸಬೇಡಿ. ಅದು ಬೇರೆ ಖಾತೆ. ಎರವಲು ಕೊಟ್ಟದ್ದನ್ನು ಮುಂದಿನ ತಿಂಗಳ ಪಟ್ಟಿಯಲ್ಲಿ ಇಟ್ಟುಕೊಳ್ಳಲೂಬೇಡಿ, ಪರಹಸ್ತಗತಂ ಗತಂ, ಪರರ ಕೈಗೆ ಹೋದದ್ದು ಹೋದಂತೆಯೇ.

ಡಿಸೆಂಬರಿನಲ್ಲಿ ಸಂಖ್ಯೆ ತುಂಬಿಸಲು ನೂರು ಪುಟದ ನಾಲ್ಕು ಪುಸ್ತಕ ಗುಡ್ಡೆ ಹಾಕಿಕೊಂಡು ಓದುವವರಿದ್ದಾರೆ. ಹಾಗೆ ಓದಿದ್ದರಲ್ಲಿ ಯಾರು ಯಾರನ್ನು ಮದುವೆಯಾದರೆಂಬುದು ಫೆಬ್ರವರಿಗೆ ಕಲಸಿಹೋಗಿರುತ್ತದೆ. ಅದರ ಬದಲು ಉಳಿದದ್ದನ್ನು ಹೊಸ ಕ್ಯಾಲೆಂಡರಿಗೆ ಪೆನ್ಸಿಲಿನಲ್ಲಿ ದಾಟಿಸಿ. ಹಳೆಯದು ಹೇಗೂ ಜೂನ್‌ವರೆಗೆ ಮಂಚದ ಕೆಳಗಿದ್ದು, ಶಾಲೆ ಶುರುವಾದಾಗ ಮಕ್ಕಳ ಪುಸ್ತಕಕ್ಕೆ ಹೊದಿಕೆಯಾಗುತ್ತದೆ. ಐದನೇ ಕ್ಲಾಸಿನ ಗಣಿತದ ಪುಸ್ತಕವನ್ನು ಮೇಷ್ಟ್ರು ತಿರುಗಿಸಿ ನೋಡಿದಾಗ ಅದರ ಬೆನ್ನ ಮೇಲೆ ಕೆಂಪು ಶಾಯಿಯಲ್ಲಿ ಹೀಗಿರುತ್ತದೆ: ‘ಪರ್ವ, ದಿನಕ್ಕೆ 23 ಪುಟ’. ಕೆಳಗಿನ ಚೌಕದಲ್ಲಿ, ‘ಹಾಲು ಅರ್ಧ ಲೀಟರ್ ಕಮ್ಮಿ’.