ಓಪನ್ ಕಿಚನ್‌ನಲ್ಲಿ ಅಕ್ಕಿ ಮೂಟೆಗೆ ಪ್ರವೇಶವಿಲ್ಲ

ಬೆಂಗಳೂರಿನಲ್ಲಿ ಫ್ಲಾಟ್ ಮಾರುವವರಿಗೆ ಈಗ ಗೋಡೆ ಕಂಡರೆ ಆಗುವುದಿಲ್ಲ. ಸರ್ಜಾಪುರ ರಸ್ತೆಗೆ ಹೋಗಿ, ಹೆಸರಘಟ್ಟ ರಸ್ತೆಗೆ ಹೋಗಿ, ಮಾಡೆಲ್ ಫ್ಲಾಟ್‌ನ ಬಾಗಿಲು ತೆಗೆದ ಕೂಡಲೇ ಹಾಲ್, ಊಟದ ಟೇಬಲ್ಲು, ಅಡುಗೆಮನೆ, ಬಾಲ್ಕನಿ ಎಲ್ಲ ಒಟ್ಟಿಗೆ ಮೈಮೇಲೆ ಬರುತ್ತವೆ. "ನೋಡಿ ಸಾರ್, ಎಷ್ಟು ಓಪನ್ ಆಗಿದೆ" ಅನ್ನುತ್ತಾನೆ ಸೇಲ್ಸ್ ಹುಡುಗ. ಹೌದಪ್ಪಾ, ಆಗಿದೆ. ಅಡುಗೆ ಕಟ್ಟೆಯ ಮೇಲೆ ಬಿಳಿ ಬಟ್ಟಲಲ್ಲಿ ನಾಲ್ಕು ನಿಂಬೆಹಣ್ಣು, ಅದೂ ಪ್ಲಾಸ್ಟಿಕ್ಕಿನವು. ಕುಕ್ಕರ್ ಇಲ್ಲ, ಗ್ರೈಂಡರ್ ಇಲ್ಲ, ಎಣ್ಣೆ ಕ್ಯಾನ್ ಇಲ್ಲ. ಪೊರಕೆಯಂತೂ ಇಲ್ಲವೇ ಇಲ್ಲ. ಇಲ್ಲಿ ಇರಲು ಬರುವವರು ನಿಂಬೆಹಣ್ಣು ನೋಡಿಕೊಂಡೇ ಹೊಟ್ಟೆ ತುಂಬಿಸಿಕೊಳ್ಳುತ್ತಾರೆ, ಕಸ ಗುಡಿಸುವುದಿಲ್ಲ ಅಂತ ಆರ್ಕಿಟೆಕ್ಟ್ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದಾರೆ.

"ಸ್ಟೋರ್ ರೂಮ್ ಎಲ್ಲಿ?" ಅಂತ ಕೇಳಿ ನೋಡಿ. ಹುಡುಗ ಒಂದು ಕ್ಷಣ ತಡವರಿಸಿ ನಿಮ್ಮನ್ನು ಸೀದಾ ಕ್ಲಬ್‌ಹೌಸ್ ಕಡೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಜಿಮ್ ಇದೆ, ಸ್ಕ್ವಾಷ್ ಕೋರ್ಟ್ ಇದೆ, ಯೋಗ ಮಾಡಲು ಮರದ ಹಾಸು ಇದೆ, ಮೂವತ್ತು ಜನ ಕೂರುವ ಮಿನಿ ಥಿಯೇಟರ್ ಇದೆ. ಅಕ್ಕಿ ಮೂಟೆ ಇಡಲು ಮಾತ್ರ ಜಾಗ ಇಲ್ಲ.

ಇನ್ನು ಗೃಹಪ್ರವೇಶ ಮುಗಿದ ಮೇಲೆ ಸಾಮಾನು ಬರುತ್ತದಲ್ಲ, ಅದನ್ನು ನೋಡಬೇಕು. 25 ಕೆ.ಜಿ. ಸೋನಾಮಸೂರಿ ಚೀಲ. ಊರಿಂದ ಬಸ್ಸಿಗೆ ಹಾಕಿ ಕಳಿಸಿದ ತೆಂಗಿನಕಾಯಿ. ಅತ್ತೆಯವರ ಉಪ್ಪಿನಕಾಯಿ ಜಾಡಿ, ಎರಡನೇ ಸಿಲಿಂಡರ್, ವರ್ಷಕ್ಕೆ ಒಂದೇ ಸಲ ಬೇಕಾಗುವ ಶಾವಿಗೆ ಒರಳು, ಯಾರೂ ಬಳಸದ ಆದರೆ ಯಾರೂ ಕೊಡಲೊಪ್ಪದ ಹಿತ್ತಾಳೆ ಪಾತ್ರೆಗಳು, ಜೊತೆಗೆ ದಸರಾ ಗೊಂಬೆಗಳ ಪೆಟ್ಟಿಗೆಗಳು. ಗೊಂಬೆಗಳದ್ದು ದೊಡ್ಡ ಸಮಸ್ಯೆ. ವರ್ಷದಲ್ಲಿ ಹತ್ತು ದಿನ ಅವು ಮನೆಯ ಮುಖ್ಯ ಅತಿಥಿಗಳು, ಉಳಿದ ದಿನ ಪಟ್ಟದ ರಾಜ ರಾಣಿ ಸಮೇತ ಎಲ್ಲವೂ ಗೆಸ್ಟ್ ರೂಮಿನ ಮಂಚದ ಕೆಳಗೆ, ಹಳೇ ಸೂಟ್‌ಕೇಸ್ ಪಕ್ಕದಲ್ಲಿ ಅಜ್ಞಾತವಾಸ ಮಾಡಬೇಕು.

ಕಸದ ವಿಷಯಕ್ಕೆ ಬನ್ನಿ. ಹಸಿ ಕಸ, ಒಣ ಕಸ, ಸ್ಯಾನಿಟರಿ ಕಸ ಎಲ್ಲ ಬೇರೆ ಬೇರೆ ಇಡಿ, ಎರಡು ಬುಟ್ಟಿ ಒಂದು ಚೀಲ ಇಟ್ಟುಕೊಳ್ಳಿ ಅಂತ ಹೈಕೋರ್ಟ್ 2015ರಲ್ಲೇ ಬೆಂಗಳೂರಿಗೆ ಹೇಳಿದೆ. ಸರಿಯಾದ ಮಾತೇ. ಆದರೆ ಆ ಎರಡು ಬುಟ್ಟಿ ಒಂದು ಚೀಲ ನಿಲ್ಲುವುದು ಎಲ್ಲಿ ಅಂತ ಯಾವ ನಕ್ಷೆಯಲ್ಲೂ ಇಲ್ಲ. ಹಾಗಾಗಿ ಇಂಪೋರ್ಟೆಡ್ ಮಾರ್ಬಲ್ ಹಾಸಿದ ಹಾಲಿನಲ್ಲಿ ಅತಿಥಿಗಳ ಕಣ್ಣಿಗೆ ಮೊದಲು ಬೀಳುವುದು ನಿನ್ನೆಯ ಹಾಗಲಕಾಯಿ ಬೀಜ.

ಹಳೇ ಮನೆಗಳಲ್ಲಿ ಉಗ್ರಾಣ ಇತ್ತು, ಅಟ್ಟ ಇತ್ತು, ಅಡುಗೆಮನೆಯಲ್ಲಿ ನಾಗಂದಿಗೆ ಇತ್ತು, ಗೋಡೆಯಲ್ಲೇ ಗೂಡು ಇತ್ತು, ಹಿಂದೆ ಹಿತ್ತಲಿತ್ತು. (ಅಜ್ಜಿ ಕಾಲ ಎಷ್ಟು ಚೆಂದ ಅಂತ ಹಾಡಲು ಬಂದಿಲ್ಲ. ಉಗ್ರಾಣದಲ್ಲಿ ಹೆಗ್ಗಣವೂ ಇತ್ತು.) ಆದರೆ ಆ ಮನೆ ಕಟ್ಟಿದ ಮೇಸ್ತ್ರಿಗೆ ಒಂದು ವಿಷಯ ಗೊತ್ತಿತ್ತು. ಮನುಷ್ಯರು ಇದ್ದ ಕಡೆ ಸಾಮಾನು ಇರುತ್ತದೆ ಅಂತ.

ನಿಯಮ ಇಲ್ಲವಾ ಅಂದರೆ ಇದೆ. ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ಮನೆಯಲ್ಲಿ ಸ್ಟೋರ್ ರೂಮ್ ಕೊಟ್ಟರೆ ಅದು 3 ಚದರ ಮೀಟರಿಗಿಂತ ಚಿಕ್ಕದಿರಬಾರದು. ಕೊಟ್ಟರೆ ಮಾತ್ರ! ಎರಡೂವರೆ ಮೀಟರ್ ಕೊಟ್ಟವನು ತಪ್ಪಿತಸ್ಥ, ಏನೂ ಕೊಡದವನು ಸಾಚಾ. 3 ಚದರ ಮೀಟರ್ ಅಂದರೆ ಸುಮಾರು 32 ಚದರಡಿ. ಚದರಡಿಗೆ 10,000 ರೂಪಾಯಿ ಅಂತಿಟ್ಟುಕೊಂಡರೂ ಮೂರು ಲಕ್ಷದ ಮೇಲೆ. ಅಷ್ಟು ದುಡ್ಡಿನ ಜಾಗವನ್ನು ತೊಗರಿಬೇಳೆಗೆ ಯಾರು ಬಿಡುತ್ತಾರೆ?

ಇನ್ನೊಂದು ತಮಾಷೆ ಇದೆ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಕಾರ್ಪೆಟ್ ಏರಿಯಾ (ಮನೆಯೊಳಗೆ ಬಳಕೆಗೆ ಸಿಗುವ ಜಾಗ) ಲೆಕ್ಕ ಹಾಕುವಾಗ ಹೊರಗೋಡೆ, ಡಕ್ಟು, ಬಾಲ್ಕನಿ ಎಲ್ಲ ಬಿಡುತ್ತದೆ, ಆದರೆ ಮನೆಯೊಳಗಿನ ಅಡ್ಡಗೋಡೆಗಳನ್ನು ಸೇರಿಸಿಕೊಳ್ಳುತ್ತದೆ. ಅಂದರೆ ಅಡುಗೆಮನೆಗೆ ಗೋಡೆ ಇದ್ದರೂ ಇಲ್ಲದಿದ್ದರೂ ಚದರಡಿ ಅಷ್ಟೇ, ನೀವು ಕೊಡುವ ದುಡ್ಡೂ ಅಷ್ಟೇ. ಗೋಡೆ ಕಟ್ಟದಿದ್ದರೆ ಬ್ಲಾಕು, ಪ್ಲಾಸ್ಟರು, ಬಾಗಿಲು, ಚೌಕಟ್ಟು, ಗಾರೆಯವರ ಕೂಲಿ ಎಲ್ಲ ಬಿಲ್ಡರಿಗೆ ಉಳಿತಾಯ. ಉಳಿಸಿದ್ದಕ್ಕೆ ಅವರು ಇಟ್ಟ ಹೆಸರು ಲೈಫ್‌ಸ್ಟೈಲ್. ಗುಂಟೂರು ಮೆಣಸಿನಕಾಯಿ ಒಗ್ಗರಣೆಗೆ ಬಿದ್ದಾಗ ಸೋಫಾ ಮೇಲೆ ಲ್ಯಾಪ್‌ಟಾಪ್ ಹಿಡಿದು ಮೀಟಿಂಗ್‌ನಲ್ಲಿ ಕೂತ ಗಂಡ, ಹೋಮ್‌ವರ್ಕ್ ಮಾಡುತ್ತಿರುವ ಮಗಳು, ಕರ್ಟನ್ನು ಎಲ್ಲವೂ ಒಟ್ಟಿಗೆ ಕೆಮ್ಮುವ ಲೈಫ್‌ಸ್ಟೈಲ್.

ಅಡುಗೆಮನೆ ಪಕ್ಕ ಬಟ್ಟೆ ಪಾತ್ರೆ ತೊಳೆಯಲು ಯುಟಿಲಿಟಿ ಕೊಟ್ಟಿದ್ದೇವಲ್ಲ ಅನ್ನುತ್ತಾರೆ ಬಿಲ್ಡರ್. ಕೊಟ್ಟಿದ್ದಾರೆ. ಅದರಲ್ಲಿ ವಾಷಿಂಗ್ ಮಷೀನ್ ಹಿಡಿಯುತ್ತದೆ, ಅದರ ಬಾಗಿಲು ಪೂರ್ತಿ ತೆಗೆಯಬೇಕಾದರೆ ಮಾತ್ರ ನೀವು ಆಚೆ ಬರಬೇಕು. ಒಗೆದ ಬಟ್ಟೆ ಬಾಲ್ಕನಿಯಲ್ಲಿ ಒಣಹಾಕುವಂತಿಲ್ಲ, ಕಟ್ಟಡದ ಅಂದ ಕೆಡುತ್ತದೆ ಅಂತ ಅಸೋಸಿಯೇಷನ್ ನಿಯಮ. ಚಪ್ಪಲಿ ಗೂಡು ಕಾರಿಡಾರಿನಲ್ಲಿ ಇಡುವಂತಿಲ್ಲ, ಬೆಂಕಿ ಬಿದ್ದರೆ ಓಡಲು ದಾರಿ ಬೇಕು. ಅದು ನ್ಯಾಯವೇ. ಪಾರ್ಕಿಂಗ್‌ನಲ್ಲಿ ಡಬ್ಬ ಇಟ್ಟರೆ ದಂಡ. ಕಾರಿಗೆ ಮಾತ್ರ ಸ್ವಂತ ಜಾಗ ಇದೆ, ನಂಬರ್ ಸಮೇತ.

ಹಾಗಾಗಿ ಜನ ಏನು ಮಾಡುತ್ತಾರೆ? ಬಿಲ್ಡರ್ ಕಟ್ಟದ ಗೋಡೆಯನ್ನು ಇಂಟೀರಿಯರ್‌ನವರ ಹತ್ತಿರ ಪ್ಲೈವುಡ್‌ನಲ್ಲಿ ಕಟ್ಟಿಸುತ್ತಾರೆ. ಸೂರಿನವರೆಗೆ ಬೀರು, ಬೀರುವಿನ ಮೇಲೆ ಲಾಫ್ಟು, ಎತ್ತುವ ಮಂಚ, ಕೂರುವ ಪೆಟ್ಟಿಗೆ. ಆರು ತಿಂಗಳಲ್ಲಿ ಓಪನ್ ಪ್ಲಾನ್ ಹಾಲಿನಲ್ಲಿ ಅಡ್ಡಡ್ಡ ನಡೆಯಬೇಕು. ಅದೂ ಸಾಲದಿದ್ದರೆ ಸಾಮಾನು ಇಡಲು ತಿಂಗಳ ಬಾಡಿಗೆಗೆ ಗೋದಾಮು ಕೊಡುವ ಕಂಪನಿಗಳು ಊರಲ್ಲಿವೆ. ನಿಮಗೆ ಸ್ವಂತ ಮನೆ, ಸಾಮಾನಿಗೆ ಬಾಡಿಗೆ ಮನೆ.

ನಮ್ಮ ಅಪಾರ್ಟ್‌ಮೆಂಟಿನ ವಾರ್ಷಿಕ ಸಭೆಯಲ್ಲಿ ಈ ಸಲ ಒಬ್ಬ ಹಿರಿಯರು ಎದ್ದು ನಿಂತರು. "ಆ ಮಿನಿ ಥಿಯೇಟರಲ್ಲಿ ಒಂದು ಸಿನಿಮಾ ಹಾಕಿದ್ದನ್ನೂ ನಾನು ಕಂಡಿಲ್ಲ. ಅದನ್ನೇ ಮನೆಗೊಂದು ಗೂಡು ಅಂತ ಭಾಗ ಮಾಡಿ ಕೊಟ್ಟುಬಿಡಿ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸೆಕ್ರೆಟರಿ ಮಾತ್ರ ಸುಮ್ಮನೆ ತಲೆ ಕೆರೆದುಕೊಂಡರು. ಆಗಲ್ಲ ಸಾರ್, ಅದು ಖಾಲಿ ಇಲ್ಲ, ಬಿಲ್ಡರ್ ಉಳಿದ ಟೈಲ್ಸು, ಪೇಂಟ್ ಡಬ್ಬ, ಕಮೋಡು ಎಲ್ಲ ಅಲ್ಲೇ ತುಂಬಿಟ್ಟು ಬೀಗ ಹಾಕಿದ್ದಾರೆ, ಅವರಿಗೆ ಬೇರೆಲ್ಲೂ ಇಡಲು ಜಾಗ ಇಲ್ಲವಂತೆ ಅಂದರು.